ಗಂಟೆ ಬಾರಿಸಿದವರಿಗೆ ಬೈಗುಳವಿಲ್ಲ

"ಯಾರ ಬರ್ತ್‌ಡೇ?"

ಮಹಾಪೆಯಲ್ಲಿದ್ದ ಆ ಔಷಧ ಗೋದಾಮಿಗೆ ಸೃಜನ್ ಕಾಲಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಬೆಂಗಳೂರಿನ ಹೆಡ್ ಆಫೀಸಿನಿಂದ ಕ್ವಾಲಿಟಿ ಆಫೀಸರ್ ಎಂದು ಬಂದವನು. ಕುತ್ತಿಗೆಯಲ್ಲಿ ಹೊಸ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್. ಒಂದನೇ ಲೈನಿನ ಮೇಜಿನ ಮೇಲಿದ್ದ ಹಿತ್ತಾಳೆಯ ಗಂಟೆಯನ್ನು ಯಾರೋ ಟಿಣ್ ಎನ್ನಿಸಿದ್ದರು. ಪ್ಯಾಕಿಂಗ್ ಮಾಡುತ್ತಿದ್ದ ಹನ್ನೆರಡು ಜನವೂ ಕೈ ನಿಲ್ಲಿಸಿ ಅತ್ತ ತಿರುಗಿದ್ದರು. ಕೇಕ್ ಎಲ್ಲಿದೆ ಎಂದು ಅವನು ಕಣ್ಣಲ್ಲೇ ಹುಡುಕಿದ.

"ಬರ್ತ್‌ಡೇ ಅಲ್ಲ," ಎಂದಳು ಲೈನಿನ ಲೀಡರ್ ಅಶ್ಮಿತಾ. "ದಾನಮ್ಮ ತಪ್ಪು ಮಾಡಿದ್ದಾರೆ."

"ಅದಕ್ಕೆ ಗಂಟೆನಾ?"

"ಅದಕ್ಕೇ ಗಂಟೆ."

ವಿಜಯಪುರದ ಕಡೆಯ ದಾನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. "ಆರು ಡಬ್ಬಿ ಲೇಬಲ್ ಅದಲಬದಲ ಆಗ್ಯಾವ್ರಿ ಮೇಡಂ. ಕಲ್ಯಾಣದ್ದು ಠಾಣೆದಕ್ಕ ಹಚ್ಚೀನಿ."

"ಗಾಡಿ ಹೋಯ್ತಾ?"

"ಇಲ್ರಿ, ನಿಂತೇತಿ."

"ಹಾಗಾದ್ರೆ ಬದಲಿಸುವ. ಬೇಗ ಹೇಳಿದ್ರಲ್ಲ, ಥ್ಯಾಂಕ್ಸ್."

ಇಬ್ಬರು ಬಂದು ಕೈಜೋಡಿಸಿದರು. ನಾಲ್ಕು ನಿಮಿಷದಲ್ಲಿ ಲೇಬಲ್‌ಗಳು ಸರಿಯಾದವು, ದಾನಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತರು. ಬೈಗುಳ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಸೃಜನ್ ಕಾದ. ಬರಲಿಲ್ಲ.

ಅವನು ಟ್ಯಾಬಿನಲ್ಲಿ ಏನೋ ಟೈಪ್ ಮಾಡಿದ. ಟೈಪ್ ಮಾಡುವಾಗ ಕೆಳತುಟಿ ಕಚ್ಚಿಕೊಳ್ಳುತ್ತಾನೆ, ಹಣೆಯ ಕೂದಲು ಕನ್ನಡಕದ ಮೇಲೆ ಬಿದ್ದರೂ ಸರಿಸುವುದಿಲ್ಲ ಎನ್ನುವುದನ್ನು ಅಶ್ಮಿತಾ ಗಮನಿಸಿದಳು. ಗಮನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಮೂವತ್ತೊಂದು ವರ್ಷದ ಲೀಡರ್, ಕೆಲಸದ ಹೊತ್ತಿನಲ್ಲಿ, ಯಾರದೋ ಕೂದಲು ನೋಡುವುದೇ?

ಅವನು ಟೈಪ್ ಮಾಡಿದ್ದೇನು ಎಂದು ಅವಳಿಗೆ ಗೊತ್ತಾಗಲು ಐದು ವಾರ ಬೇಕಾಯಿತು.

ಆ ಗೋದಾಮಿನಲ್ಲಿ ಪ್ಯಾಕಿಂಗ್ ಲೈನ್ ಎರಡು. ಒಂದನೆಯದು ಅಶ್ಮಿತಾಳದು, ಎರಡನೆಯದು ಹೃಷೀಕೇಶನದು. ಹೃಷೀಕೇಶ ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಕನ್ನಡದವನು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದ, ಕೋಪ ಬಂದರೆ ಮರಾಠಿಗೆ ಇಳಿಯುತ್ತಿದ್ದ. ಅವನಿಗೆ ಗೊತ್ತಿದ್ದ ಸಂಸ್ಕೃತ ಒಂದೇ, ದಂಡಂ ದಶಗುಣಂ. ಅವನ ಲೈನಿನ ಬೋರ್ಡಿನಲ್ಲಿ 'ಈ ತಿಂಗಳ ತಪ್ಪುಗಳು: ೩' ಎಂದಿರುತ್ತಿತ್ತು. ಅಶ್ಮಿತಾಳ ಬೋರ್ಡಿನಲ್ಲಿ ೪೧. ನೋಡಿದವರು ಹೃಷೀಕೇಶನ ಕೈಕುಲುಕಿ ಹೋಗುತ್ತಿದ್ದರು.

ಸೆಂಟರ್ ಹೆಡ್ ಹುದ್ದೆ ಖಾಲಿಯಾಗಿತ್ತು. ಇಬ್ಬರಲ್ಲಿ ಒಬ್ಬರಿಗೆ ಸಿಗಬೇಕು. ಸೃಜನ್ ಬರೆಯುವ ರಿಪೋರ್ಟ್ ನೋಡಿ ಬೆಂಗಳೂರಿನ ದೊಡ್ಡ ಸಾಹೇಬರು ತೀರ್ಮಾನಿಸುತ್ತಾರೆ. ಹೃಷೀಕೇಶನಿಗೆ ಸಿಕ್ಕರೆ ಎರಡೂ ಲೈನ್ ಅವನ ಕೈಗೆ, ಅಶ್ಮಿತಾ ರೆಕಾರ್ಡ್ ರೂಮಿಗೆ. ಅವಳಿಗೆ ರೆಕಾರ್ಡ್ ರೂಮಿನ ಭಯವಿರಲಿಲ್ಲ. ಅತಿ ಹೆಚ್ಚು ಗಂಟೆ ಬಾರಿಸಿದ್ದು ದಾನಮ್ಮ. ತಪ್ಪು ಎಣಿಸುವವರು ಬಂದರೆ ಮೊದಲು ಮನೆಗೆ ಹೋಗುವುದೂ ದಾನಮ್ಮನೇ. ಅದು ಅವಳಿಗೆ ಊಟ ಸೇರದಂತೆ ಮಾಡುತ್ತಿತ್ತು.

ಸಂಜೆ ಕೋಪರಖೈರಣೆ ಸ್ಟೇಷನ್ನಿಗೆ ಶೇರ್ ರಿಕ್ಷಾ. ಅಲ್ಲಿಂದ ಠಾಣೆಗೆ ಇಪ್ಪತ್ತು ನಿಮಿಷದ ಲೋಕಲ್. ಸೃಜನ್ ಠಾಣೆಯಲ್ಲಿ ಇಳಿದು ಮಾಜಿವಾಡಾದ ಬಾಡಿಗೆ ಫ್ಲ್ಯಾಟಿಗೆ ಹೋಗುವವನು. ಅಶ್ಮಿತಾ ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ. ಮೊದಲ ಎರಡು ವಾರ ಪ್ಲಾಟ್‌ಫಾರ್ಮಿನವರೆಗೆ ಮಾತಾಡುತ್ತಾ ಬರುವುದು, ಗಾಡಿ ಬಂದ ಕೂಡಲೇ ಅವಳು ಲೇಡೀಸ್ ಡಬ್ಬಿಗೆ, ಅವನು ಜನರಲ್ ಡಬ್ಬಿಗೆ.

ಮೂರನೇ ವಾರ ಒಂದು ದಿನ ಗಾಡಿ ಬಂದರೂ ಅವಳು ಅವನ ಪಕ್ಕದಿಂದ ಸರಿಯಲಿಲ್ಲ.

"ಲೇಡೀಸ್ ಆ ಕಡೆ," ಎಂದ ಸೃಜನ್.

"ಗೊತ್ತುಂಟು. ನಾನು ಹುಟ್ಟಿದ್ದು ಇಲ್ಲೇ."

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕನ್ನಡಕವಿಲ್ಲದ ಆ ಕಣ್ಣು ಒಂದು ಕ್ಷಣ ಅವಳನ್ನು ನೋಡಿ ಬೇಗನೆ ಬಾಗಿಲಿನ ಕಡೆ ತಿರುಗಿತು. ಕಿವಿಯ ತುದಿ ಕೆಂಪಾಗಿತ್ತು. ಬಾಗಿಲ ಹತ್ತಿರ ಇಬ್ಬರೂ ಒಂದೇ ಹಿಡಿಕೆಗೆ ಜೋತು ನಿಂತರು.

"ಆ ಗಂಟೆ ಎಲ್ಲಿಂದ ಬಂತು?" ಎಂದು ಅವನು ಘಣಸೋಲಿ ಸ್ಟೇಷನ್ ದಾಟಿದ ಮೇಲೆ ಕೇಳಿದ.

"ಅಪ್ಪನ ಹೋಟೆಲಿಂದ. ಡೊಂಬಿವಲಿ ಈಸ್ಟಲ್ಲಿ ನಮ್ಮದೊಂದು ಉಡುಪಿ ಹೋಟೆಲ್. ಮೊದಲೆಲ್ಲ ಅಲ್ಲಿ ಗ್ಲಾಸ್ ಒಡೆದ್ರೆ ಸಪ್ಲೈಯರ್‌ಗಳು ಚೂರನ್ನು ಕಾಲಲ್ಲಿ ಟೇಬಲ್ ಅಡಿಗೆ ದೂಡ್ತಿದ್ರಂತೆ. ಅಪ್ಪನ ಬೈಗುಳದ ಹೆದರಿಕೆ. ಒಂದು ದಿನ ಅಂಥ ಚೂರು ಅಮ್ಮನ ಕಾಲಿಗೇ ಹೊಕ್ಕಿತು. ಏಳು ಹೊಲಿಗೆ."

"ಅಯ್ಯೋ. ಆಮೇಲೆ?"

"ಆಮೇಲೆ ಎಂಥ, ಒಡೆದವನನ್ನು ಕೆಲಸದಿಂದ ತೆಗೀಬೇಕಿತ್ತು. ಅಪ್ಪ ತೆಗೀಲಿಲ್ಲ, ಕೌಂಟರಿನಲ್ಲಿ ಒಂದು ಗಂಟೆ ಇಟ್ರು. ಒಡೆದವರು ಮೊದಲು ಗಂಟೆ ಬಾರಿಸಿ ಟೇಬಲ್ ನಂಬರ್ ಹೇಳ್ಬೇಕು, ಆಮೇಲೆ ಗುಡಿಸ್ಬೇಕು. ಬೈಗುಳ ಇಲ್ಲ. ಇಪ್ಪತ್ತಾರು ವರ್ಷ ಆಯ್ತು, ಮತ್ತೆ ಯಾರ ಕಾಲಿಗೂ ಚುಚ್ಚಲಿಲ್ಲ. ನಾನು ಲೀಡರ್ ಆದಾಗ ಆ ಹಳೇ ಗಂಟೆ ನನಗೆ ಕೊಟ್ರು."

ಸೃಜನ್ ನಗಲಿಲ್ಲ. ಹೊರಗೆ ಓಡುತ್ತಿದ್ದ ಕಂಬಗಳನ್ನು ನೋಡುತ್ತಾ ನಿಂತ. ನಗುವುದಕ್ಕೂ ಬೆಂಗಳೂರಿನ ಅಪ್ರೂವಲ್ ಬೇಕಾ ಎಂದು ಅವಳು ಕೆಣಕಿದಳು. ಆಗ ನಕ್ಕ. ಆ ನಗು ಎಡಗೆನ್ನೆಯಿಂದ ಶುರುವಾಗುತ್ತಿತ್ತು, ಬಲಗೆನ್ನೆಗೆ ಬರುವುದು ಸ್ವಲ್ಪ ತಡವಾಗುತ್ತಿತ್ತು. ಇಂಥ ವಿಷಯವನ್ನು ಒಬ್ಬಳು ಲೆಕ್ಕ ಇಡಲು ಶುರುಮಾಡಿದಳೆಂದರೆ ಕಥೆ ಎಲ್ಲಿಗೆ ಬಂತು ಎಂದು ಯಾರಿಗಾದರೂ ಗೊತ್ತಾಗುತ್ತದೆ. ದಾನಮ್ಮನಿಗಂತೂ ಗೊತ್ತಾಗಿಯೇ ಬಿಟ್ಟಿತ್ತು.

"ಮೇಡಂ, ಈಗೀಗ ಲೇಡೀಸ್ ಡಬ್ಬ್ಯಾಗ ಕಾಣವಲ್ರಿ?"

"ರಶ್ ಇರ್ತದೆ ದಾನಮ್ಮ."

"ಹೌದ್ರಿ ಹೌದು, ಜನರಲ್ ಡಬ್ಬಿ ಖಾಲಿ ಇರ್ತೇತಿ," ಎಂದು ದಾನಮ್ಮ ಗಂಭೀರವಾಗಿ ತಲೆಯಾಡಿಸಿದರು.

ಐದನೇ ವಾರದ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಗಂಟೆ ಟಿಣ್ ಎಂದಿತು. ಬಾರಿಸಿದವರು ದಾನಮ್ಮ. ಕಲ್ಯಾಣಕ್ಕೆ ಹೋದ ಹನ್ನೆರಡು ಇನ್ಸುಲಿನ್ ಡಬ್ಬಿಗಳಲ್ಲಿ ತಂಪಿಗೆಂದು ಇಟ್ಟ ಜೆಲ್ ಪ್ಯಾಕ್‌ಗಳು ಪೂರ್ತಿ ಗಟ್ಟಿಯಾಗಿರಲಿಲ್ಲ. ತಂಪು ಹೋದರೆ ಇನ್ಸುಲಿನ್ ಕೆಡುತ್ತದೆ, ಕೆಟ್ಟದ್ದು ನೋಡಿದರೆ ಗೊತ್ತಾಗುವುದಿಲ್ಲ. ಗಾಡಿ ಹೊರಟು ಮುಕ್ಕಾಲು ಗಂಟೆಯಾಗಿತ್ತು.

ಅಶ್ಮಿತಾ ಡ್ರೈವರಿಗೆ ಫೋನ್ ಮಾಡಿದಳು. ಗಾಡಿ ಮಾಜಿವಾಡಾ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಆ ಟ್ರಾಫಿಕ್ಕಿಗೆ ಶಾಪ ಹಾಕದೆ ಧನ್ಯವಾದ ಹೇಳಿದವಳು ಅವಳೊಬ್ಬಳೇ ಇರಬೇಕು. ಗಾಡಿ ತಿರುಗಿ ಬಂತು. ಹೊಸ ಪ್ಯಾಕ್ ಹಾಕಿ ಕಳಿಸಿದರು. ಮೂರು ಗಂಟೆಗೆ ಡಬ್ಬಿಗಳು ಸುರಕ್ಷಿತವಾಗಿ ಕಲ್ಯಾಣ ಸೇರಿದವು.

ಆಮೇಲೆ ಅವಳು ದಾನಮ್ಮನನ್ನು ಫ್ರೀಜರ್ ಹತ್ತಿರ ಕರೆದುಕೊಂಡು ಹೋದಳು. ಸೃಜನನೂ ಹಿಂದೆಯೇ ಹೋದ.

"ಗಟ್ಟಿಯಾದದ್ದು ಕೆಳಗಿನ ತಟ್ಟೆಯಲ್ಲಿ ಇರ್ತದಲ್ಲ. ನೀವು ಮೇಲಿನದ್ದು ತೆಗೆದದ್ದು ಯಾಕೆ?"

ದಾನಮ್ಮ ತಲೆ ತಗ್ಗಿಸಿದರು. "ಮೊಣಕಾಲು ಬಗ್ಗವಲ್ದ್ರಿ. ಒಂದು ತಿಂಗಳಾತು."

ಅಶ್ಮಿತಾ ಕುರ್ತಾದ ತೋಳು ಮಡಚಿ, ಗಟ್ಟಿಯಾದ ಪ್ಯಾಕ್‌ಗಳನ್ನೆಲ್ಲ ತಾನೇ ಬಗ್ಗಿ ಬಗ್ಗಿ ಎತ್ತಿ ಸೊಂಟದ ಎತ್ತರದ ತಟ್ಟೆಯಲ್ಲಿ ಜೋಡಿಸಿದಳು. ಹೊಸದನ್ನು ಕೆಳಗಿಟ್ಟಳು. "ಇನ್ನು ಮೇಲೆ ಹೀಗೇ. ತಪ್ಪು ತಟ್ಟೆಯದ್ದು, ನಿಮ್ಮದಲ್ಲ. ನಾಳೆ ಡಾಕ್ಟರಿಗೆ ತೋರಿಸಿ ಬನ್ನಿ, ನಿಮ್ಮ ಜಾಗದಲ್ಲಿ ನಾನು ನಿಲ್ತೇನೆ."

"ದಾನಮ್ಮ ಹೇಳದೇ ಇದ್ದಿದ್ರೆ?" ಸೃಜನ್ ಮೆಲ್ಲಗೆ ಕೇಳಿದ.

"ಯಾರೋ ಒಬ್ಬರು ಕೆಟ್ಟ ಇನ್ಸುಲಿನ್ ಚುಚ್ಚಿಕೊಳ್ತಿದ್ರು. ಇಲ್ಲಿ ಒಬ್ಬರು ಬೈಗುಳಕ್ಕೆ ಹೆದರಿದ್ದಕ್ಕೆ."

ಅವನ ಮುಖದ ಬಣ್ಣ ಹೋಯಿತು. ಅವಳಿಗೆ ಅದು ಕಂಡಿತು, ಕಾರಣ ತಿಳಿಯಲಿಲ್ಲ. ಆ ಸಂಜೆ ಅವನು ಸ್ಟೇಷನ್ನಿಗೆ ಬರಲಿಲ್ಲ. ಹಳೆಯ ಫೈಲುಗಳ ಮುಂದೆ ಕೂತಿದ್ದಾನೆ ಎಂದು ಸೆಕ್ಯುರಿಟಿಯವನು ಹೇಳಿದ. ಜನರಲ್ ಡಬ್ಬಿಯಲ್ಲಿ ಅವಳೊಬ್ಬಳೇ ಹಿಡಿಕೆಗೆ ಜೋತು ನಿಂತಳು, ಇಪ್ಪತ್ತು ನಿಮಿಷ ಬಹಳ ಉದ್ದವಾಯಿತು.

ಗುರುವಾರ ಠಾಣೆ ಸ್ಟೇಷನ್ನಿನ ಸೇತುವೆಯ ಕೆಳಗೆ ಅವನು ಬಾಯಿಬಿಟ್ಟ.

"ನಾನು ರಿಪೋರ್ಟ್ ಕಳಿಸ್ಬಿಟ್ಟಿದೀನಿ. ಒಂದನೇ ಲೈನ್ ನಲವತ್ತೊಂದು ತಪ್ಪು, ಎರಡನೇ ಲೈನ್ ಮೂರು. ಲೀಡರ್ ತುಂಬಾ ಮೃದು, ಜವಾಬ್ದಾರಿ ಕೊಡಬಾರದು ಅಂತ ಬರೆದೆ."

"ಯಾವಾಗ ಬರೆದದ್ದು?"

"ಬಂದ ದಿನಾನೇ ಶುರುಮಾಡಿದ್ದು. ಕಳಿಸಿದ್ದು ಈ ಸೋಮವಾರ."

"ಸೋಮವಾರ," ಎಂದಳು ಅಶ್ಮಿತಾ. "ಸೋಮವಾರ ಬೆಳಿಗ್ಗೆ ನೀವು ನನ್ನ ಬುತ್ತಿಯ ನೀರುದೋಸೆ ತಿಂದಿರಿ."

ಅವನು ಜೇಬಿನಿಂದ ಒಂದು ಕಾಗದ ತೆಗೆದ. "ನಿನ್ನೆ ವಾಪಸ್ ಬಂದ ಮಾಲಿನ ಫೈಲ್ ನೋಡಿದೆ. ಅದನ್ನ ಮೊದಲೇ ನೋಡಬೇಕಿತ್ತು. ತಂಪು ಇಲ್ಲ ಅಂತ ಅಂಗಡಿಯವರು ಹಿಂದಕ್ಕೆ ಕಳಿಸಿರೋ ಡಬ್ಬಿ, ನಿಮ್ಮ ಲೈನಿಂದು ಒಂದು. ಹೃಷೀಕೇಶ್ ಲೈನಿಂದು ಹತ್ತೊಂಬತ್ತು. ನಿಮ್ಮವರು ಹೇಳ್ತಾರೆ, ಅವರು ಮುಚ್ಚಿಡ್ತಾರೆ, ಅಷ್ಟೇ. ಹೇಳಿದ್ದನ್ನ ನಾನು ತಪ್ಪು ಅಂತ ಎಣಿಸಿದೆ. ಬೆಂಗಳೂರಿಗೆ ಮೇಲ್ ಹಾಕಿದೆ, ಸಾಹೇಬರು ಇನ್ನೂ ನೋಡಿಲ್ಲ. ನಾಳೆ ಇಲ್ಲಿಗೆ ಬಂದು ಸೆಂಟರ್ ಹೆಡ್ ಯಾರು ಅಂತ ಎಲ್ಲರ ಮುಂದೆ ಅನೌನ್ಸ್ ಮಾಡ್ತಾರೆ. ಈ ಲೆಕ್ಕದ ಕಾಗದ ಅವರ ಮುಂದೆ ಇಡಿ. ಹೃಷೀಕೇಶ್ ಕಥೆ ಅಲ್ಲಿಗೇ ಮುಗಿಯುತ್ತೆ."

ಅವಳು ಕಾಗದ ತೆಗೆದುಕೊಂಡಳು. ಡೊಂಬಿವಲಿಯ ಗಾಡಿ ಬಂತು. ಹಿಂದೆ ತಿರುಗದೆ ಲೇಡೀಸ್ ಡಬ್ಬಿ ಹತ್ತಿದಳು. ದಿವಾ ದಾಟುವ ತನಕ ತಡೆದುಕೊಂಡಳು, ಆಮೇಲೆ ಅತ್ತಳು. ಪಕ್ಕದಲ್ಲಿ ಕೂತು ಮೇಥಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಏನೂ ಕೇಳದೆ ತನ್ನ ಕರವಸ್ತ್ರ ಕೊಟ್ಟಳು.

ಹೋಟೆಲಿನ ಕೌಂಟರಿನಲ್ಲಿ ಅಪ್ಪ ಮುಂಡಪ್ಪ ಮಗಳ ಮುಖ ನೋಡಿಯೇ ಕಾಫಿ ತರಿಸಿದರು. ಅವಳು ಎಲ್ಲವನ್ನೂ ತುಳುವಿನಲ್ಲಿ ಹೇಳಿದಳು. ಅಳುವಾಗ ಅವಳಿಗೆ ಬೇರೆ ಭಾಷೆ ಬರುವುದಿಲ್ಲ. ಅವರು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಒಡೆದವನು ತಾನಾಗಿ ಬಂದು ಹೇಳಿದನಾ, ನೀನು ಹಿಡಿದ ಮೇಲೆ ಹೇಳಿದನಾ?"

"ತಾನಾಗಿ ಹೇಳಿದ. ಆದರೆ ಚೂರು ತಾಗಿದ ಮೇಲೆ."

"ಹಾಗಾದರೆ ಅರ್ಧ ಬೈಗುಳ," ಎಂದರು ಮುಂಡಪ್ಪ. "ಪೂರ್ತಿ ಬೇಡ."

ಶುಕ್ರವಾರ ಹತ್ತು ಗಂಟೆಗೆ ಎರಡೂ ಲೈನಿನವರು ಸಾಲಾಗಿ ನಿಂತಿದ್ದರು. ಬೆಂಗಳೂರಿನ ದೊಡ್ಡ ಸಾಹೇಬರಾದ ಚಂದ್ರಶೇಖರ ಅವರು ರಿಪೋರ್ಟ್ ಹಿಡಿದುಕೊಂಡು ಬಂದರು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಆ ದಿನ ಬೆಳಿಗ್ಗೆ ವಿಮಾನದಿಂದ ಇಳಿದವರು ಸೃಜನನ ಮೇಲ್ ಇನ್ನೂ ತೆರೆದಿರಲಿಲ್ಲ.

"ಅಶ್ಮಿತಾ, ನಲವತ್ತೊಂದು ತಪ್ಪು. ನಿರ್ಧಾರ ಹೇಳುವ ಮೊದಲು ನಿಮ್ಮ ಮಾತು ಕೇಳಬೇಕು ಅಂತ. ಏನು ಹೇಳ್ತೀರಿ?"

ಕುರ್ತಾದ ಜೇಬಿನಲ್ಲಿ ಆ ಕಾಗದವಿತ್ತು. ತೆಗೆದು ಮೇಜಿನ ಮೇಲಿಟ್ಟರೆ ಸಾಕಿತ್ತು. ಅವಳು ಹೃಷೀಕೇಶನ ಕಡೆ ನೋಡಿದಳು. ಅವನು ನೆಟ್ಟಗೆ ನಿಂತಿದ್ದ, ಆದರೆ ಬೆನ್ನ ಹಿಂದೆ ಕಟ್ಟಿದ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಅವನ ಹಿಂದಿನ ಹನ್ನೆರಡು ಜನ ನೆಲ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವಷ್ಟು ಹೆದರಿದ್ದರು. ಈ ಕಾಗದ ಹೊರಗೆ ಬಂದರೆ ತಾನು ಗೆಲ್ಲುತ್ತೇನೆ, ಆದರೆ ನಾಳೆಯಿಂದ ಆ ಹನ್ನೆರಡು ಜನ ಇನ್ನೂ ಆಳದಲ್ಲಿ ಮುಚ್ಚಿಡುತ್ತಾರೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅವಳು ಕೈಯನ್ನು ಜೇಬಿನಿಂದ ಹೊರಗೆ ತೆಗೆದಳು, ಖಾಲಿಯಾಗಿ.

"ಸರ್, ನಲವತ್ತೊಂದು ಸಲ ನಮ್ಮವರು ಧೈರ್ಯ ಮಾಡಿದ್ದಾರೆ," ಎಂದಳು. ಎಲ್ಲರಿಗೂ ಅರ್ಥವಾಗಲಿ ಎಂದು ಹಿಂದಿಯಲ್ಲೂ ಹೇಳಿದಳು. "ನಲವತ್ತೊಂದರಲ್ಲಿ ನಲವತ್ತು ತಪ್ಪು ಗ್ರಾಹಕರ ಬಾಗಿಲು ಮುಟ್ಟುವ ಮೊದಲೇ ಸರಿಯಾಗಿವೆ. ಆ ಸಂಖ್ಯೆಗೆ ನನಗೆ ನಾಚಿಕೆ ಇಲ್ಲ, ಹೆಮ್ಮೆ ಉಂಟು. ನನ್ನ ಬಗ್ಗೆ ಏನೇ ನಿರ್ಧಾರ ಮಾಡಿ. ದಾನಮ್ಮನಂಥವರನ್ನು ಮಾತ್ರ ಕಳೆದುಕೊಳ್ಳಬೇಡಿ. ಹೇಳುವವರು ಹೋದರೆ ಈ ಗೋದಾಮಿಗೆ ಕಣ್ಣೇ ಇರುವುದಿಲ್ಲ."

ನಂತರ ಎರಡನೇ ಲೈನಿನ ಕಡೆ ತಿರುಗಿದಳು. "ನಮ್ಮ ಫ್ರೀಜರಿನ ಮೇಲಿನ ತಟ್ಟೆಯ ಜೆಲ್ ಪ್ಯಾಕ್ ಗಟ್ಟಿಯಾಗಿರಲಿಲ್ಲ. ಮೊನ್ನೆ ಗೊತ್ತಾಯ್ತು. ನಿಮ್ಮ ಫ್ರೀಜರೂ ಹಾಗೇ ಇದೆ. ಇವತ್ತೇ ತಟ್ಟೆ ಬದಲಿಸುವ, ನಾನು ಬಂದು ಕೈ ಹಾಕ್ತೇನೆ. ಯಾರು ಮಾಡಿದ್ದು ಅಂತ ನಾನು ಕೇಳುವುದಿಲ್ಲ."

ಎರಡನೇ ಲೈನಿನ ಕೆಲವರು ನೆಲದಿಂದ ಕಣ್ಣೆತ್ತಿದರು.

ಟಿಣ್.

ಗಂಟೆಯ ಮೇಲೆ ಸೃಜನನ ಕೈ ಇತ್ತು. "ತಪ್ಪು ನಂದು ಸರ್. ರಿಪೋರ್ಟ್ ತಪ್ಪು. ಒಪ್ಪಿಕೊಂಡವರನ್ನ ಎಣಿಸಿ, ಮುಚ್ಚಿಟ್ಟವರನ್ನ ಬಿಟ್ಟೆ. ಈ ಸೆಂಟರಿನಲ್ಲಿ ಅತ್ಯಂತ ಗಟ್ಟಿ ಲೀಡರನ್ನ ಮೃದು ಅಂತ ಬರೆದೆ. ಅದನ್ನ ನಾನು ವಾಪಸ್ ತಗೋತೀನಿ. ಶಿಕ್ಷೆ ಏನಿದ್ರೂ ನನಗೆ ಕೊಡಿ."

ಚಂದ್ರಶೇಖರ ಹುಬ್ಬೇರಿಸಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಇನ್ನೊಮ್ಮೆ ಟಿಣ್ ಎಂದಿತು.

ಹೃಷೀಕೇಶ. ವರ್ಷಗಟ್ಟಲೆ ಆ ಗಂಟೆಯನ್ನು ದೇವಸ್ಥಾನದ್ದು ಎಂದು ಗೇಲಿ ಮಾಡಿದವನು ಅದರ ಮುಂದೆ ನಿಂತಿದ್ದ. ಮೊದಲ ಸಲ ಅವನ ಬಾಯಿಂದ ಕನ್ನಡ ಬಂತು, ಅರ್ಧಂಬರ್ಧ. "ಹತ್ತೊಂಬತ್ತು ಬಾಕ್ಸ್ ವಾಪಸ್ ಬಂದಿದೆ ಸರ್. ನನಗೆ ಮಾಲೂಮ್ ಇತ್ತು. ಬೋರ್ಡ್ ಮೇಲಿನ ನಂಬರ್ ಖರಾಬ್ ಆಗ್ತದೆ ಅಂತ ಚುಪ್ ಇದ್ದೆ. ನನ್ನ ಜನ ನನಗೆ ಹೆದರಿದರು, ನಾನು ನಿಮಗೆ ಹೆದರಿದೆ."

ದೊಡ್ಡ ಸಾಹೇಬರು ರಿಪೋರ್ಟನ್ನು ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡರು. "ಹತ್ತೊಂಬತ್ತು ಡಬ್ಬಿ. ಮಾಲು ತಂಪು ಕಳೆದು ವಾಪಸ್ ಬರೋದಕ್ಕೆ ಎರಡು ತಿಂಗಳಿಂದ ನಾನು ಹುಡುಕ್ತಿದ್ದ ಕಾರಣ ಇದು. ಆಡಿಟ್‌ನಲ್ಲಿ ಸಿಗಲಿಲ್ಲ, ಕ್ಯಾಮರಾದಲ್ಲಿ ಸಿಗಲಿಲ್ಲ. ಇಲ್ಲಿ ಐದು ನಿಮಿಷದಲ್ಲಿ ಸಿಕ್ತು." ಅಶ್ಮಿತಾಳ ಕಡೆ ತಿರುಗಿದರು. "ಆ ಗಂಟೆ ಎರಡೂ ಲೈನಿಗೆ ಕೇಳಿಸೋ ಕಡೆ ಇಡಿಸಿ, ಸೆಂಟರ್ ಹೆಡ್. ತಪ್ಪಿನ ಬೋರ್ಡ್ ಎರಡನ್ನೂ ಇಳಿಸಿ."

ಮೊದಲು ಚಪ್ಪಾಳೆ ತಟ್ಟಿದ್ದು ದಾನಮ್ಮ. ಕೊನೆಗೆ ಎರಡನೇ ಲೈನಿನವರ ಚಪ್ಪಾಳೆಯೇ ಜೋರಾಯಿತು. ಅಶ್ಮಿತಾ ಹೃಷೀಕೇಶನ ಹತ್ತಿರ ಹೋಗಿ, ಗಾಡಿಗಳನ್ನು ನಿಮಿಷ ತಪ್ಪದೆ ಹೊರಡಿಸಲು ಅವನಷ್ಟು ಬಲ್ಲವರು ಯಾರೂ ಇಲ್ಲ, ಆ ಕೆಲಸ ಎರಡೂ ಲೈನಿಗೆ ಅವನೇ ನೋಡಿಕೊಳ್ಳಬೇಕು ಎಂದಳು. ಅವನು ತಲೆಯಾಡಿಸಿದ. ಸೃಜನನ ಕಡೆ ಮಾತ್ರ ಅವಳು ನೋಡಲಿಲ್ಲ. ಅರ್ಧ ಬೈಗುಳ ಇನ್ನೂ ಬಾಕಿ ಇತ್ತು.

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಡೊಂಬಿವಲಿಯ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಅಶ್ಮಿತಾ ಅಪ್ಪನ ಪಕ್ಕದಲ್ಲಿ ನಿಂತು ಬನ್ಸ್ ಕಟ್ಟಿಕೊಡುತ್ತಿದ್ದಳು. ಕೌಂಟರಿನ ಹೊಸ ಗಂಟೆ ಟಿಣ್ ಎಂದಿತು.

"ಯಾವ ಟೇಬಲ್?" ಮುಂಡಪ್ಪ ತಲೆ ಎತ್ತದೆ ಕೇಳಿದರು.

"ಟೇಬಲ್ ಅಲ್ಲ ಸಾರ್. ಗ್ಲಾಸ್ ಒಡೆದಿಲ್ಲ. ಒಂದು ವಿಷಯ ಮುಚ್ಚಿಟ್ಟಿದ್ದೆ."

ಅಶ್ಮಿತಾಳ ಕೈಯಲ್ಲಿದ್ದ ಕಾಗದದ ಪೊಟ್ಟಣ ಅಲ್ಲೇ ನಿಂತಿತು. ಸೃಜನ್ ಇಸ್ತ್ರಿ ಮಾಡಿದ ನೀಲಿ ಶರ್ಟಿನಲ್ಲಿದ್ದ. ಕೂದಲು ಎಂದಿನಂತೆ ಕನ್ನಡಕದ ಮೇಲಿತ್ತು.

"ಇನ್ನು ಮೇಲೆ ನಿಮ್ಮ ಸೆಂಟರಿನ ರಿಪೋರ್ಟ್ ನಾನು ಬರೆಯಲ್ಲ," ಎಂದ ಅವಳಿಗೆ. "ಬೇರೆಯವರನ್ನ ಹಾಕಿ ಅಂತ ಚಂದ್ರಶೇಖರ ಸರ್‌ಗೆ ಬರೆದೆ. ಒಪ್ಪಿದ್ರು. ನನಗೆ ಕಳಂಬೋಲಿ ಸೆಂಟರ್ ಕೊಟ್ಟಿದಾರೆ. ನಾನು ಬರೆದರೆ ಪಕ್ಷಪಾತ ಆಗುತ್ತೆ ಅಂತ ಕಾರಣ ಹೇಳಿದೆ."

"ಎಂಥ ಪಕ್ಷಪಾತ?" ಅವಳ ದನಿ ಗಂಭೀರವಾಗಿತ್ತು. ತುಟಿಯ ಕೊನೆ ಆ ಗಾಂಭೀರ್ಯಕ್ಕೆ ಸಹಕರಿಸಲಿಲ್ಲ.

"ನಿಮ್ಮನ್ನ ಪ್ರೀತಿಸ್ತೀನಿ ಅನ್ನೋ ಪಕ್ಷಪಾತ." ಅವನ ಕಿವಿ ಎರಡೂ ಕೆಂಪಾಗಿದ್ದವು, ಆದರೆ ಕಣ್ಣು ತಿರುಗಿಸಲಿಲ್ಲ. "ಜನರಲ್ ಡಬ್ಬಿ ಹತ್ತಿದ್ರಲ್ಲ, ಆವತ್ತಿಂದ. ರಿಪೋರ್ಟ್ ತಪ್ಪಿದ್ದಕ್ಕಿಂತ, ನೀವು ಗುರುವಾರ ಲೇಡೀಸ್ ಡಬ್ಬಿ ಹತ್ತಿದ್ದು ನನಗೆ ಜಾಸ್ತಿ ಚುಚ್ಚಿತು."

ಇಡ್ಲಿ ತಿನ್ನುತ್ತಿದ್ದ ನಾಲ್ಕು ಟೇಬಲ್ಲಿನವರು ಚಮಚ ಕೆಳಗಿಟ್ಟರು. ಮುಂಡಪ್ಪ ಗಲ್ಲದ ಮೇಲೆ ಕೈಯಿಟ್ಟು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

"ಒಡೆದವರು ಮೊದಲು ಹೇಳ್ಬೇಕು, ಆಮೇಲೆ ಗುಡಿಸ್ಬೇಕು," ಎಂದಳು ಅಶ್ಮಿತಾ.

"ಗುಡಿಸ್ತೀನಿ. ಎಷ್ಟು ದಿನ ಬೇಕಾದ್ರೂ."

ಅವಳು ಪೊಟ್ಟಣವನ್ನು ಕೆಳಗಿಟ್ಟಳು, ಎಣ್ಣೆ ಅಂಟಿದ ಬೆರಳನ್ನು ಟವೆಲಿಗೆ ಒರೆಸಿದಳು, ಕೌಂಟರಿನ ಮೇಲೆ ಬಾಗಿ ಗಂಟೆಯನ್ನು ತಾನೇ ಟಿಣ್ ಎನ್ನಿಸಿದಳು.

"ನನ್ನದೂ ಒಂದು ಉಂಟು," ಎಂದಳು. "ಬಂದ ಮೊದಲ ದಿನ ನೀವು ಬರ್ತ್‌ಡೇ ಯಾರದ್ದು ಅಂತ ಕೇಳಿದ್ರಲ್ಲ. ಆಗ ಈ ಕೂದಲು ಹೀಗೇ ಕನ್ನಡಕದ ಮೇಲಿತ್ತು. ನನಗೆ ಸರಿಸ್ಬೇಕು ಅನ್ನಿಸಿತ್ತು. ಇಷ್ಟು ದಿನ ಯಾರಿಗೂ ಹೇಳಲಿಲ್ಲ."

ಕೈ ಚಾಚಿ ಸರಿಸಿದಳು. ಅವನ ನಗು ಎಡಗೆನ್ನೆಯಿಂದ ಶುರುವಾಯಿತು. ಈ ಸಲ ಬಲಗೆನ್ನೆಗೆ ಬರಲು ತಡವಾಗಲಿಲ್ಲ.

"ಇಬ್ಬರಿಗೂ ಬೈಗುಳ ಇಲ್ಲ," ಎಂದರು ಮುಂಡಪ್ಪ, ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ. "ಈಗ ಕೌಂಟರ್ ಬಿಟ್ಟು ಆ ಮೂಲೆಯ ಟೇಬಲ್ಲಿಗೆ ಹೋಗಿ ಕೂತ್ಕೊಳ್ಳಿ. ಹಿಂದೆ ಗಿರಾಕಿಗಳು ನಿಂತಿದ್ದಾರೆ."